ಧನು ಯಾರ ಹತ್ತಿರ ಅಳುವುದಿಲ್ಲ

ಸಾಯಂಕಾಲ ಐದಕ್ಕೆ ಜೀಪಿನಿಂದ ಇಳಿದು, ಬಟ್ಟೆಗೆ ಹತ್ತಿದ ಕೆಂಜಿಗ ಇರುವೆ ಕೊಡವಿ, ಕೈಕಾಲು ತೊಳೆದು ನಾನು ಒಳಗೆ ಬರುವ ಹೊತ್ತಿಗೆ ಅತ್ತೆ ಹೇಳುವ ಮಾತು ಒಂದೇ ಇತ್ತು.

"ಇವತ್ತೂ ಚಿನ್ನದಂಗೆ ಇತ್ತ್ ಕೂಸು. ಹಾಲು ಕುಡೀತ್, ಮಲಗಿತ್ತ್. ಅಳುನೇ ಇಲ್ಲೆ."

ಹಾಗೆ ಹೇಳಿ ಮಗುವನ್ನು ನನ್ನ ಕೈಗೆ ಕೊಡುತ್ತಿದ್ದರು. ಮಗು ಒಂದು ಗಳಿಗೆ ನನ್ನ ಮುಖ ನೋಡುತ್ತಿತ್ತು. ಮತ್ತೆ ಹಣೆ ಸುಕ್ಕಾಗುತ್ತಿತ್ತು, ಕೆಳತುಟಿ ಮುಂದೆ ಬರುತ್ತಿತ್ತು, ಎರಡೂ ಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತಿತ್ತು. ಆಮೇಲೆ ಶುರು. ಐದೂಕಾಲಕ್ಕೆ ಶುರುವಾದದ್ದು ಎಂಟಕ್ಕೂ ನಿಲ್ಲಬಹುದು, ಹತ್ತಕ್ಕೂ ನಿಲ್ಲಬಹುದು. ಹಾಲು ಕೊಟ್ಟರೆ ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿತ್ತು. ಹೆಗಲಿಗೆ ಹಾಕಿಕೊಂಡರೆ ಬೆನ್ನು ಹಿಂದಕ್ಕೆ ಬಿಲ್ಲು ಮಾಡುತ್ತಿತ್ತು. ಕೆಳಗೆ ಮಲಗಿಸಿದರೆ ಇನ್ನೂ ಜೋರು. ಲಂಗೋಟಿ ನೋಡಿದರೆ ಒಣಗಿಯೇ ಇರುತ್ತಿತ್ತು. ಮೈ ಮುಟ್ಟಿದರೆ ಬಿಸಿಯಿಲ್ಲ. ಎಲ್ಲಿ ಇರುವೆ ಕಚ್ಚಿತೋ ಎಂದು ಬಟ್ಟೆ ಬಿಚ್ಚಿ ಮಡಿಕೆ ಮಡಿಕೆ ಹುಡುಕುತ್ತಿದ್ದೆ. ಏನೂ ಇರುತ್ತಿರಲಿಲ್ಲ.

ಮಗಳು ಧನುಶ್ರೀಗೆ ಆಗ ಮೂರು ತಿಂಗಳು ತುಂಬಲು ಹತ್ತು ದಿನ ಬಾಕಿ. ನಾನು ಚೆಟ್ಟಳ್ಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಎಂಟಕ್ಕೆ ಆಳುಗಳ ಹಾಜರಿ ಹಿಡಿಯಬೇಕು, ಯಾರು ಯಾವ ಸಾಲಿನಲ್ಲಿ ಹಣ್ಣು ಕುಯ್ಯಬೇಕೆಂದು ಹೇಳಬೇಕು, ಸಂಜೆ ಚೀಲ ತೂಗಿಸಬೇಕು. ಗಂಡ ಪ್ರಜ್ಞೇಶ್ ಅದೇ ಎಸ್ಟೇಟಿನ ಪಿಕಪ್ ಓಡಿಸುತ್ತಾರೆ. ನನಗೆ ಹೆರಿಗೆ ರಜೆ ಇನ್ನೂ ಇತ್ತು. ಆದರೆ ಮಾಲೀಕರಾದ ಪೂವಯ್ಯ ಸರ್ ಒಂದು ದಿನ ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು, "ಸುಮಿತಾ, ಹಣ್ಣು ಕಪ್ಪಾಗಿ ಉದುರ್ತಾ ಉಂಟು. ಪಿಕಿಂಗ್ ಮುಗಿಯುವ ತನಕ ಬಾ. ಆಮೇಲೆ ನಿನಗೆ ಎಷ್ಟು ಬೇಕೋ ಅಷ್ಟು ರಜೆ ತಗೋ, ನಾನು ಕೇಳುದಿಲ್ಲ" ಅಂದರು. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ನನಗೂ ಹೋಗಬೇಕು ಅನಿಸಿತ್ತು, ಅದನ್ನು ಮುಚ್ಚಿಡುವುದು ಬೇಡ.

ಮಗು ನೋಡಿಕೊಳ್ಳಲು ಅತ್ತೆ ನಾಪೋಕ್ಲು ಕಡೆಯ ಊರಿನಿಂದ ಬಂದರು. ಅಲ್ಲಿ ದೊಡ್ಡ ಮಗ, ಸೊಸೆ ಮೋನಿಷಾ, ಗದ್ದೆ, ಎರಡು ಹಸು. ಎಲ್ಲ ಬಿಟ್ಟು ಒಂದು ಬ್ಯಾಗು ಹಿಡಿದುಕೊಂಡು ಬಸ್ಸಿಳಿದವರು, "ನಾಲ್ಕು ಮಕ್ಕಳ ಸಾಕಿದವಳು ನಾ, ಇದೊಂದು ಇಷ್ಟುದ್ದ ಕೂಸು ನಂಗೆ ಎಂತ ಲೆಕ್ಕ?" ಅಂದಿದ್ದರು. ಅವರ ಮನೆಯ ಮಾತು ಅರೆಭಾಷೆ. ನಾನು ಶನಿವಾರಸಂತೆ ಕಡೆಯವಳು. ನನಗೆ ಅರ್ಥವಾಗಲಿ ಎಂದು ಅವರು ತಮ್ಮ ಮಾತಿಗೆ ನನ್ನೂರಿನ ಕನ್ನಡವನ್ನು ಬೆರೆಸಿ ಮಾತಾಡುತ್ತಾರೆ. ಈಗ ನನ್ನ ಬಾಯಲ್ಲೂ ಆ ಬೆರಕೆಯೇ ಬರುತ್ತದೆ.

ಹಗಲಿಗೆ ಬೇಕಾದ ಹಾಲನ್ನು ಬೆಳಿಗ್ಗೆಯೇ ಪಂಪಿನಲ್ಲಿ ಹಿಂಡಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದೆ. ಮಧ್ಯಾಹ್ನ ಒಂದಕ್ಕೆ ಜೀಪು ಊಟಕ್ಕೆ ಬಿಟ್ಟಾಗ ಬಂದು ನೋಡಿದರೆ ಮಗು ತೊಟ್ಟಿಲಲ್ಲಿ ಬಾಯಿ ತೆರೆದು ಗಾಢ ನಿದ್ದೆಯಲ್ಲಿರುತ್ತಿತ್ತು. ಎಬ್ಬಿಸಿ ಹಾಲು ಕೊಟ್ಟರೆ ಅರೆನಿದ್ದೆಯಲ್ಲೇ ಕುಡಿದು ಮತ್ತೆ ಮಲಗುತ್ತಿತ್ತು. ಹಗಲೆಲ್ಲ ಇಷ್ಟು ಚೆನ್ನಾಗಿರುವ ಮಗು ನಾನು ಬಂದ ಕೂಡಲೇ ಹೀಗೇಕೆ? ಉತ್ತರ ಯಾರ ಹತ್ತಿರವೂ ಇರಲಿಲ್ಲ ಎನ್ನುವಂತಿಲ್ಲ. ಎಲ್ಲರ ಹತ್ತಿರವೂ ಇತ್ತು.

ಅತ್ತೆ ಮೊದಲು ಹುತ್ತರಿ ಹಬ್ಬದ ಹಂದಿ ಮಾಂಸದ ಮೇಲೆ ಹೇಳಿದರು. ನಾನು ನಾಲ್ಕು ತುಂಡು ಜಾಸ್ತಿ ತಿಂದಿದ್ದೆನಂತೆ, ಅದು ಹಾಲಿಗೆ ಇಳಿದಿದೆಯಂತೆ. ಹುತ್ತರಿ ಕಳೆದು ಆಗಲೇ ಒಂದು ತಿಂಗಳಾಗಿತ್ತು. ಆಮೇಲೆ ಬೆಳಗಿನ ಇಬ್ಬನಿಯಲ್ಲಿ ನಿಂತು ನಿಂತು ನನ್ನ ಹಾಲು ತಣ್ಣಗಾಗಿದೆ ಅಂದರು. ತವರಿನಿಂದ ಅಮ್ಮ ಫೋನಿನಲ್ಲಿ, "ಬೇಳೆ ಬಿಡು, ಆಲೂಗಡ್ಡೆ ಬಿಡು, ಮೊಟ್ಟೆ ಬಿಡು" ಅಂದಳು. ಮಗು ತವರಿನಲ್ಲಿದ್ದಾಗಲೂ ಸಂಜೆ ಹೊತ್ತು ಅಳುತ್ತಿತ್ತಲ್ಲ ಎಂದರೆ, "ಅಪ್ಪನ ಮನೆಗೆ ಹೋದ್ರೆ ನಿಲ್ಲುತ್ತೆ ಅಂದ್ಕೊಂಡಿದ್ದೆ ಕಣೇ" ಅಂದಳು. ಎಲ್ಲ ಬಿಟ್ಟೆ. ಕೊನೆಗೆ ಕಾಫಿಯನ್ನೂ ಬಿಟ್ಟೆ. ದಿನವಿಡೀ ಕಾಫಿ ಗಿಡಗಳ ನಡುವೆ ನಿಂತು, ಮನೆಗೆ ಬಂದು ಬಿಸಿನೀರಿಗೆ ಬೆಲ್ಲ ಹಾಕಿ ಕುಡಿಯುವುದು ಎಷ್ಟು ಬೇಸರದ ಕೆಲಸ ಎಂದು ಕುಡಿದವರಿಗೇ ಗೊತ್ತು.

ಕಣದಲ್ಲಿ ಕಾಫಿ ಒಣಗಿಸುವ ಮಾರಿ ಒಂದು ಸಂಜೆ ಉಪ್ಪು, ಮೆಣಸಿನಕಾಯಿ ಹಿಡಿದುಕೊಂಡು ಬಂದಳು. "ದೃಷ್ಟಿ ಆಗಿದೆ ರೈಟರಮ್ಮಾ. ಸುಮ್ನೆ ಕೂತ್ಕಳಿ" ಎಂದು ನನ್ನನ್ನೂ ಮಗುವನ್ನೂ ಒಟ್ಟಿಗೆ ಕೂರಿಸಿ ಮೂರು ಸುತ್ತು ತೆಗೆದು ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮಿದೆವು. ಮಗು ಅಳು ನಿಲ್ಲಿಸಿ ಒಂದು ಸೀನು ಸೀನಿತು. "ನೋಡಿದ್ರಾ!" ಅಂದಳು ಮಾರಿ. ಆಮೇಲೆ ಒಂಬತ್ತೂವರೆಯ ತನಕ ಅತ್ತಿತು.

ಪ್ರಜ್ಞೇಶ್ ಏಳೂವರೆಗೆ ಬರುತ್ತಿದ್ದರು. ಬಂದವರೇ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಮಂಕಿ ಟೋಪಿ ಹಾಕಿ, "ಸ್ವಲ್ಪ ಗಾಳಿಗೆ ಕರ್ಕೊಂಡು ಹೋಗ್ತೇನೆ. ನೀನು ಅಡುಗೆ ಮಾಡು" ಎಂದು ಕಣದ ಕಡೆ ನಡೆಯುತ್ತಿದ್ದರು. ಒಂದು ಗಂಟೆ ಬಿಟ್ಟು ಬಂದಾಗ ಮಗು ಅವರ ಹೆಗಲ ಮೇಲೆ ಮಲಗಿರುತ್ತಿತ್ತು. "ಅತ್ತಳಾ?" ಎಂದರೆ, "ಇಲ್ಲ, ನನ್ನ ಹತ್ರ ಏನಿಲ್ಲ. ಆಕಾಶ ನೋಡ್ತಾ ಇದ್ಲು" ಅನ್ನುತ್ತಿದ್ದರು. ನಾನು ಮಗುವನ್ನು ತೆಗೆದುಕೊಳ್ಳುತ್ತಿದ್ದ ಹಾಗೆ ಮತ್ತೆ ಎದ್ದು ಅಳುತ್ತಿತ್ತು.

ಅತ್ತೆಯ ಹತ್ತಿರ ಇಲ್ಲ, ಅಪ್ಪನ ಹತ್ತಿರ ಇಲ್ಲ. ಹಾಗಾದರೆ ಉಳಿದವಳು ಯಾರು?

ಮಂಗಳವಾರ ಅರ್ಧ ದಿನ ರಜೆ ಹಾಕಿ ಮೂವರೂ ಮಡಿಕೇರಿಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಹೆಂಗಸು, ನಮ್ಮಮ್ಮನ ವಯಸ್ಸು. ಮಗುವನ್ನು ತೂಗಿದರು, ಕಿವಿ ನೋಡಿದರು, ಹೊಟ್ಟೆ ಒತ್ತಿದರು. ಧನು ಆ ಹೊತ್ತಿನಲ್ಲಿ ಅವರ ಕನ್ನಡಕವನ್ನೇ ನೋಡಿಕೊಂಡು ನಗುತ್ತಿದ್ದಳು.

"ತೂಕ ಚೆನ್ನಾಗಿದೆ. ದಿನಕ್ಕೆ ಒಟ್ಟು ಎಷ್ಟು ಹೊತ್ತು ಅಳ್ತಾಳೆ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಹಗಲು ನನ್ನ ಹತ್ರ ಇರುದು ಡಾಕ್ಟ್ರೆ. ಅಳುದೇ ಇಲ್ಲೆ" ಅಂದರು.

"ಸಂಜೆ?"

"ಸಂಜೆ ಒಂದು ಗಂಟೆ ನಾನು ಎತ್ಕೊಳ್ತೇನೆ ಮೇಡಂ" ಅಂದರು ಪ್ರಜ್ಞೇಶ್. "ಆಗಲೂ ಅಷ್ಟೇನಿಲ್ಲ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಮತ್ತೆ ಯಾಕೆ ಬಂದಿದ್ದೀರಿ?"

ಮೂವರ ಕಣ್ಣೂ ನನ್ನ ಮೇಲೆ ಬಂತು. "ನನ್ನ ಹತ್ರ ಅಳ್ತಾಳೆ" ಅಂದೆ.

ಡಾಕ್ಟರು ತುಂಬ ಒಳ್ಳೆಯ ಮಾತು ಹೇಳಿದರು ಎಂದು ಈಗ ನೆನಪಾಗುತ್ತದೆ. ಈ ವಯಸ್ಸಿನ ಎಷ್ಟೋ ಮಕ್ಕಳು ಕಾರಣವಿಲ್ಲದೆ ಅಳುತ್ತವೆ, ಸಂಜೆ ಹೊತ್ತು ಹೆಚ್ಚು, ಮೂರು ನಾಲ್ಕು ತಿಂಗಳು ದಾಟುವಾಗ ತಾನಾಗಿ ಕಡಿಮೆಯಾಗುತ್ತದೆ ಅಂದರು. ಜ್ವರ ಬಂದರೆ, ವಾಂತಿ ಮಾಡಿದರೆ, ಹಾಲು ಬಿಟ್ಟರೆ ತಕ್ಷಣ ಕರೆತನ್ನಿ ಅಂದರು. "ತಡೆಯೋಕೆ ಆಗದಷ್ಟು ಸಿಟ್ಟು ಬಂದ್ರೆ ಮಗುವನ್ನ ತೊಟ್ಟಿಲಲ್ಲಿ ಹಾಕಿ ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಏನೂ ಆಗಲ್ಲ. ಆದರೆ ಎಷ್ಟೇ ಸಿಟ್ಟು ಬಂದ್ರೂ ಅಲ್ಲಾಡಿಸಬೇಡಿ." ಅದನ್ನು ಅವರು ಮೂವರನ್ನೂ ನೋಡಿಕೊಂಡು ಹೇಳಿದರೋ ನನ್ನೊಬ್ಬಳನ್ನೇ ನೋಡಿ ಹೇಳಿದರೋ ನನಗೆ ಗೊತ್ತಾಗಲಿಲ್ಲ. ನನ್ನನ್ನೇ ಎಂದುಕೊಂಡೆ. ಉಳಿದ ಮಾತು ಯಾವುದೂ ಆ ಹೊತ್ತಿಗೆ ತಲೆಗೆ ಹೋಗಲಿಲ್ಲ.

ಬುಧವಾರ ಸಂಜೆ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆದು, ಪಾತ್ರೆ ತೊಳೆಯುತ್ತಿದ್ದರು. ಒಳಗೆ ನಾನು ಮತ್ತು ಅಳು. ಒಂದು ಗಂಟೆಯಾಯಿತು. ಎರಡಾಯಿತು. ಹೆಗಲ ಮೇಲೆ, ತೊಡೆಯ ಮೇಲೆ, ಕವುಚಿ, ಅಂಗಾತ. ಒಮ್ಮೆ ಅವಳ ಎರಡೂ ಪಕ್ಕೆಗಳನ್ನು ಹಿಡಿದು ಮುಖದ ಎದುರಿಗೆ ಎತ್ತಿಕೊಂಡು, "ಏನು ಬೇಕು ನಿನಗೆ?" ಎಂದು ಕೂಗಿದೆ. ನನ್ನ ಹೆಬ್ಬೆರಳುಗಳ ಉಗುರು ಬೆಳ್ಳಗಾಗಿರುವುದು ಕಂಡಿತು. ಅಷ್ಟು ಬಿಗಿಯಾಗಿ ಹಿಡಿದಿದ್ದೆ. ಅವಳನ್ನು ತೊಟ್ಟಿಲಲ್ಲಿ ಇಟ್ಟು ಸ್ನಾನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ನಿಂತೆ. ಡಾಕ್ಟರು ಹೇಳಿದ್ದನ್ನೇ ಮಾಡುತ್ತಿದ್ದೇನೆ ಎಂಬುದು ಹೊಳೆಯಲೇ ಇಲ್ಲ. ಈ ಕೈಗಳಿಂದ ಮಗುವನ್ನು ದೂರ ಇಡಬೇಕು ಎಂಬುದೊಂದೇ ಹೊಳೆದದ್ದು.

ಊಟಕ್ಕೆ ಕೂತಾಗ ಹೇಳಿದೆ. "ಅತ್ತೆ, ಭಾನುವಾರ ನೀವು ಧನುನ ನಾಪೋಕ್ಲಿಗೆ ಕರ್ಕೊಂಡು ಹೋಗಿ. ಪಿಕಿಂಗ್ ಮುಗಿಯೋ ತನಕ ಅಲ್ಲೇ ಇರಲಿ."

ಅತ್ತೆಯ ತುತ್ತು ಬಾಯಿಯ ಹತ್ತಿರ ನಿಂತಿತು.

"ಎಷ್ಟು ದಿನ?"

"ಮೂರು ವಾರ ಆಗಬಹುದು."

"ಮೂರು ವಾರನ? ರಾತ್ರಿನೂ?"

"ನಿಮ್ಮ ಹತ್ರ ಚೆನ್ನಾಗಿರ್ತಾಳಲ್ಲ ಅತ್ತೆ. ನನ್ನ ಹತ್ರ ಇದ್ದರೆ ಅವಳಿಗೂ ಕಷ್ಟ."

"ಅದೂ ಹೌದು" ಎಂದು ತುತ್ತನ್ನು ತಟ್ಟೆಗೆ ಇಟ್ಟರು. ಆಮೇಲೆ ಉಣ್ಣಲಿಲ್ಲ.

ಪ್ರಜ್ಞೇಶ್ ನನ್ನ ಮುಖ ನೋಡಿದರು. "ಅಷ್ಟು ಸಣ್ಣ ಮಗುನ ಬಿಟ್ಟು ನೀನು ಇರ್ತೀಯ?"

"ಇರ್ತೇನೆ."

"ಹಾಲು?"

"ಪುಡಿ ಹಾಲು ತನ್ನಿ."

ಕೈಗಳ ವಿಷಯ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಏನು ಅಂದುಕೊಳ್ಳುತ್ತಿದ್ದರೋ ಎನ್ನುವುದಕ್ಕಿಂತ, ಹೇಳಿದ ಮೇಲೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಮರುದಿನ ಅವರು ಡಬ್ಬಿ ತಂದರು. ಊರಿಗೆ ಫೋನು ಹೋಯಿತು. ಮೋನಿಷಕ್ಕ, "ಕಳ್ಸಿ ಕಳ್ಸಿ, ತೊಟ್ಲು ಅಟ್ಟದಿಂದ ಇಳಿಸಿ ತೊಳ್ದು ಇಡ್ತೆ" ಅಂದಳಂತೆ. ಅತ್ತೆ ಮಗುವಿನ ಬಟ್ಟೆ ಮಡಚಿ ಬ್ಯಾಗಿಗೆ ಹಾಕುವುದು, ಮತ್ತೆ ತೆಗೆದು ಇನ್ನೊಂದು ರೀತಿ ಮಡಚುವುದು ಮಾಡುತ್ತಿದ್ದರು. ಮೊಮ್ಮಗಳು ಜೊತೆಗೆ ಬರುತ್ತಿರುವ ಖುಷಿಗೆ ಹಾಗೆ ಮಾಡುತ್ತಿದ್ದಾರೆ ಎಂದು ನನಗೆ ಹೊಟ್ಟೆ ಉರಿಯಿತು.

ಶುಕ್ರವಾರ ಹನ್ನೊಂದು ಗಂಟೆಗೆ ಹಾರಂಗಿ ಕಡೆಯ ಆಕಾಶ ಕಪ್ಪಾಯಿತು. ಜನವರಿಯಲ್ಲಿ ಮಳೆ. ಕಣದಲ್ಲಿ ಐದು ದಿನದ ಕಾಫಿ ಹರವಿತ್ತು. ಪೂವಯ್ಯ ಸರ್ ಫೋನು ಮಾಡಿ, "ಚೀಲ ಎಲ್ಲ ಅಲ್ಲೇ ಬಿಡಿ! ಎಲ್ಲರನ್ನೂ ಕಣಕ್ಕೆ ಓಡಿಸು!" ಎಂದು ಕಿರುಚಿದರು. ಜೀಪಿನಲ್ಲಿ ಹಿಡಿಸಿದಷ್ಟು ಜನ ಹತ್ತಿ ಬಂದೆವು. ಮಾರಿ ಆಗಲೇ ಒಬ್ಬಳೇ ಕಾಫಿಯನ್ನು ರಾಶಿ ಎಳೆಯುತ್ತಿದ್ದಳು. ಎಲ್ಲರೂ ಸೇರಿ ಟಾರ್ಪಾಲು ಎಳೆದು, ಅಂಚಿಗೆ ಕಲ್ಲು ಹೇರಿ ಮುಗಿಸುವಷ್ಟರಲ್ಲಿ ದಪ್ಪ ಹನಿ ಬಿತ್ತು. ಆಳುಗಳು ಗೋದಾಮಿನ ಸೂರಿಗೆ ಓಡಿದರು.

ನಮ್ಮ ಕ್ವಾರ್ಟರ್ಸು ಕಣಕ್ಕೆ ಅಂಟಿಕೊಂಡೇ ಇದೆ. ಟಾರ್ಪಾಲಿನ ಬಡಿತ ನಿಂತ ಮೇಲೆ ಕೇಳಿಸಿತು. ಮಗು ಅಳುತ್ತಿತ್ತು. ನನಗೆ ಎಲ್ಲಿದ್ದರೂ ಆ ಅಳು ಕಿವಿಯಲ್ಲಿ ಇದ್ದೇ ಇರುತ್ತಿತ್ತು. ಹಾಜರಿ ಹಿಡಿಯುವಾಗಲೂ ಕೇಳಿದಂತಾಗುತ್ತಿತ್ತು. ಅದೇ ಇರಬೇಕೆಂದುಕೊಂಡೆ.

"ಮಗು ಅಳೋ ಹಂಗೆ ಕೇಳ್ತಾ ಉಂಟಾ ಮಾರಿ?" ಎಂದು ಕೇಳಿದೆ.

ಮಾರಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಹಂಗೆ ಕೇಳೋದೇನು, ಅಳ್ತಾನೇ ಉಂಟು. ದಿನಾ ಈ ಟೈಮಿಗೆ ಶುರು ಅಲ್ವಾ" ಅಂದಳು.

"ದಿನಾ?"

"ಅಯ್ಯೋ, ನಿಮ್ಗೆ ಗೊತ್ತಿಲ್ಲದ್ದಾ? ಹಗಲೆಲ್ಲ ಅಜ್ಜಿ ಹತ್ರ, ಸಂಜೆ ನಿಮ್ಮತ್ರ, ಏಳೂವರೆ ಮೇಲೆ ನಮ್ಮ ಲೈನ್ ಮನೆಗಳ ಮುಂದೆ ಅಣ್ಣನ ಹತ್ರ. ಅಣ್ಣ ಅಷ್ಟು ದೂರ ಯಾಕೆ ಬರ್ತಾರೆ ಅಂತ ನಾವು ನಗ್ತೇವೆ. ಮನೇಲಿ ಟಿವಿ ನೋಡೋಕೆ ಆಗಲ್ಲ ನಮಗೆ."

ನಾನು ಮಳೆಯಲ್ಲೇ ನಡೆದೆ. ಮನೆಯ ಹಿಂದಿನ ಕಿಟಕಿಯ ಹತ್ತಿರ ನಿಂತೆ. ಒಳಗೆ ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆಯುತ್ತಿದ್ದರು. ಜಡೆ ಬಿಚ್ಚಿ ಹೋಗಿತ್ತು. ಒಂದು ಕಾಲು ಎಳೆದು ಹಾಕುತ್ತಿದ್ದರು. ಅವರಿಗೆ ಮಂಡಿನೋವು ಇದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

"ಎಂತ ಬೇಕು ನಿಂಗೆ? ಹಾಲು ಬೇಡ. ತೊಟ್ಲು ಬೇಡ. ನಾ ಬೇಡ. ಹೇಳು, ಎಂತ ಬೇಕು? ನಿನ್ನ ಅವ್ವ ಒಂದು ಗಂಟೆಗೆ ಬರ್ತಾಳೆ. ಅಷ್ಟರಲ್ಲಿ ಸುಮ್ನಾಗು ನನ್ನವ್ವ. ನನ್ನ ಮಾನ ಉಳಿಸು."

ಆಗ ನನಗಾದದ್ದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ನನಗೆ ಸಂತೋಷವಾಯಿತು. ಹೊಟ್ಟೆಯಲ್ಲಿ ಹುಟ್ಟಿದ ಮಗು ಉಸಿರುಗಟ್ಟುವ ಹಾಗೆ ಅಳುತ್ತಿತ್ತು, ಅರವತ್ತೆರಡರ ಹೆಂಗಸು ಕುಂಟಿಕೊಂಡು ಅದನ್ನು ಹೊತ್ತು ತಿರುಗುತ್ತಿದ್ದಳು, ನಾನು ಕಿಟಕಿಯ ಹೊರಗೆ ತೊಯ್ದುಕೊಂಡು ನಿಂತು ಸಂತೋಷಪಡುತ್ತಿದ್ದೆ. ಅಳು, ಇನ್ನೂ ಅಳು ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಎದೆ ತುಂಬಿ ಹಾಲು ಇಳಿಯಿತು, ಮಳೆನೀರಿಗಿಂತ ಬೆಚ್ಚಗೆ. ಆಗ ಸಿಟ್ಟು ಬಂತು. ಅದೂ ಯಾರ ಮೇಲೆ ಎಂದು ತಿಳಿಯಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

ಅತ್ತೆ ನನ್ನನ್ನು ನೋಡಿ ಅಲ್ಲೇ ನಿಂತರು. ಮಗು ಕಿವಿಯ ಪಕ್ಕದಲ್ಲೇ ಕಿರುಚುತ್ತಿತ್ತು.

"ಈಗಷ್ಟೇ ಎದ್ದದ್ದು" ಅಂದರು. "ಇಷ್ಟು ಹೊತ್ತು ಮಲಗಿತ್ತ್."

"ಅತ್ತೆ."

"ಮಳೆ ಶಬ್ದಕ್ಕೆ ಹೆದರಿತ್ತ್."

"ಅತ್ತೆ, ನಾನು ಕಿಟಕಿ ಹತ್ರ ನಿಂತಿದ್ದೆ."

ಅವರು ಮಗುವನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ನಾನೂ ಒದ್ದೆ ಬಟ್ಟೆಯಲ್ಲೇ ಎದುರಿಗೆ ಕೂತೆ. ಮಗು ನನ್ನ ಕೈಯಲ್ಲೂ ಹಾಗೇ ಅಳುತ್ತಿತ್ತು. ನಾವು ಮಾತಾಡಿದ್ದೆಲ್ಲ ಆ ಅಳುವಿನ ಮೇಲೆ ಧ್ವನಿ ಏರಿಸಿಕೊಂಡು.

"ಯಾಕೆ ಹಾಗೆ ಹೇಳಿದ್ರಿ ದಿನಾ?"

"ಮೊದಲ ದಿನ ನೀ ಕೆಲಸಕ್ಕೆ ಹೋಗಿ ಬಂದೆ ನೋಡು, ನಿನ್ನ ಮುಖ ಎಂತ ಇತ್ತ್! ಹೆಣದ ಮುಖ. ಪಾಪ ಅನಿಸಿತ್ತ್. ಮಲಗಿತ್ತ್ ಅಂದೆ. ಎರಡನೇ ದಿನವೂ ಅಂದೆ. ಮೂರನೇ ದಿನ ಹೇಗೆ ತಿರುಗಿಸುದು? ನಾಲ್ಕು ಮಕ್ಕಳ ಸಾಕಿದವಳು ಅಂತ ಹೇಳ್ಕೊಂಡು ಬಂದವಳು ನಾ."

"ಡಾಕ್ಟರ ಹತ್ರನಾದ್ರೂ ನಿಜ ಹೇಳಬಹುದಿತ್ತಲ್ಲ!"

"ಅಷ್ಟು ಓದಿದ ಹೆಂಗಸಿನ ಎದುರು ಮಾನ ಕಳ್ಕೊಳ್ಳುದಾ?"

"ಮತ್ತೆ ಭಾನುವಾರ? ಮೂರು ವಾರ ಒಬ್ಬರೇ ಹೇಗೆ ನೋಡ್ಕೊಳ್ತಿದ್ರಿ?"

ಅತ್ತೆ ಮಂಡಿ ನೀವಿಕೊಂಡರು. "ಎರಡು ದಿನದಿಂದ ಅದೇ ಯೋಚನೆ. ನಾಳೆ ಜ್ವರ ಅಂತ ಹೇಳುವ ಅಂತ ಇದ್ದೆ."

"ಮಗುಗೆ ಜ್ವರ ಅಂತನಾ?"

"ಬುಡ್ತು ಅನ್ನು! ನಂಗೆ ಜ್ವರ ಅಂತ."

ನನಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಆ ಅಳುವಿನಲ್ಲಿ ಬುಧವಾರದ್ದನ್ನು ಹೇಳಿಬಿಟ್ಟೆ. ಎತ್ತಿ ಹಿಡಿದದ್ದು, ಕೂಗಿದ್ದು, ಉಗುರು ಬೆಳ್ಳಗಾದದ್ದು, ನಲ್ಲಿ ಬಿಟ್ಟುಕೊಂಡು ನಿಂತದ್ದು. "ನನಗೆ ನನ್ನ ಕೈಯ ಮೇಲೆ ನಂಬಿಕೆ ಇಲ್ಲ ಅತ್ತೆ. ಅದಕ್ಕೇ ಕಳಿಸ್ತೀನಿ ಅಂದದ್ದು."

ಅವರು ಬೈಯುತ್ತಾರೆ ಎಂದುಕೊಂಡೆ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು.

"ನಾ ಹಿತ್ತಲಲ್ಲೇ ಇದ್ನಲ್ಲ. ಒಂದು ಕೂಗು ಹಾಕುದಲ್ಲವಾ?"

"ನಿಮ್ಮ ಹತ್ರ ಅಳೋದಿಲ್ಲ, ನನ್ನ ಹತ್ರ ಮಾತ್ರ ಅಂದ್ರೆ ಹೇಗೆ ಕೂಗೋದು?"

ಅತ್ತೆ ಬಿಚ್ಚಿದ ಜಡೆಯನ್ನು ಸುತ್ತಿ ಗಂಟು ಹಾಕಿಕೊಂಡರು. ಆಮೇಲೆ ಮೆಲ್ಲಗೆ, "ಸೋಮವಾರ ನಾನೂ ತೊಟ್ಲಲ್ಲಿ ಹಾಕಿ ಆ ಕಿತ್ತಳೆ ಮರದ ತನಕ ಹೋಗಿದ್ದೆ. ಇನ್ನೂ ಮುಂದೆ ಹೋಗುವ ಅನಿಸಿತ್ತ್. ಬಸ್ಸು ಹತ್ತಿ ಊರಿಗೇ" ಅಂದರು. "ಮಾರಿ ಕಂಡು, ಅಜ್ಜಿ ಎಲ್ಲಿಗೆ ಅಂದಳು. ಕಿತ್ತಳೆ ಹಣ್ಣಾಗಿದಾ ನೋಡ್ಲಿಕ್ಕೆ ಅಂದೆ."

ಹನ್ನೆರಡೂವರೆಗೆ ಧನು ತಾನಾಗಿ ಅಳು ನಿಲ್ಲಿಸಿ ಮಲಗಿದಳು. ನಾನು ಒಂದು ಗಂಟೆಗೆ ಬಂದಾಗ ದಿನವೂ ಕಾಣುತ್ತಿದ್ದ ಆ ಗಾಢ ನಿದ್ದೆ. ಅವಳು ಯಾಕೆ ನಿಲ್ಲಿಸಿದಳು ಎಂಬುದೂ ನಮಗೆ ತಿಳಿಯಲಿಲ್ಲ. ನಾವು ಹೊಸದಾಗಿ ಏನನ್ನೂ ಮಾಡಿರಲಿಲ್ಲ.

ಆ ಸಂಜೆ ಪ್ರಜ್ಞೇಶ್ ಬಂದು ಮಗುವಿಗೆ ಟೋಪಿ ಹಾಕಿದರು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಕಣದ ಆ ತುದಿಗೆ ಯಾಕೆ ಹೋಗುದು ಮಗ? ಇಲ್ಲೇ ಅಂಗಳದಲ್ಲಿ ನಿಲ್ಲು" ಅಂದರು ಅತ್ತೆ.

"ಅಲ್ಲಿ ಗಾಳಿ ಚೆನ್ನಾಗಿ ಉಂಟು."

"ಮಾರಿಗೆ ಟಿವಿ ಕೇಳ್ಸುದಿಲ್ಲವಂತೆ."

ಪ್ರಜ್ಞೇಶ್ ನಿಂತಲ್ಲೇ ನಿಂತರು. ಕಿವಿಯ ತುದಿ ಕೆಂಪಾಯಿತು. "ಆ ತುದಿಗೆ ಹೋದ್ರೆ ಮನೆಗೆ ಕೇಳೋದಿಲ್ಲ ಅಂತ..." ಎಂದು ನನ್ನ ಕಡೆ ನೋಡಿದರು. "ನೀನು ಒಂದು ಗಂಟೆಯಾದ್ರೂ ಆ ಶಬ್ದ ಇಲ್ಲದೆ ಇರಲಿ ಅಂತ ಸುಮಿತಾ. ಬೇರೆ ಏನಿಲ್ಲ."

ಅದಕ್ಕೆ ಏನು ಹೇಳಬೇಕಿತ್ತು? ಅವರು ನನಗೆ ಕೊಟ್ಟ ಆ ಒಂದೊಂದು ಗಂಟೆಯಲ್ಲಿ ನಾನು ಒಲೆಯ ಮುಂದೆ ನಿಂತು, ನನ್ನ ಮಗುವಿಗೆ ನಾನೇ ಆಗುವುದಿಲ್ಲ ಎಂದುಕೊಂಡು ಅನ್ನ ಬಸಿದಿದ್ದೆ. ಇಬ್ಬರೂ ನನಗೆ ಒಳ್ಳೆಯದನ್ನೇ ಮಾಡಲು ಹೋಗಿದ್ದರು. ಜಗಳ ಆಡುವುದಾದರೂ ಯಾವ ತುದಿಯಿಂದ ಹಿಡಿದು ಆಡುವುದು?

"ಡಾಕ್ಟರಿಗೆ ಫೋನ್ ಮಾಡಿ" ಅಂದೆ. "ಮೂವರ ಹತ್ರನೂ ಅಳ್ತಾಳೆ ಅಂತ ಹೇಳಿ."

ಮರುದಿನ ಮಾಡಿದರು. ಡಾಕ್ಟರು ಆ ಕಡೆಯಿಂದ ಜೋರಾಗಿ ನಕ್ಕದ್ದು ನನಗೂ ಕೇಳಿಸಿತು. ಎಷ್ಟು ಹೊತ್ತು ಎಂದು ಮತ್ತೆ ಕೇಳಿದರು. ನಾವು ಮೂವರೂ ಕೂತು, ಮೊದಲ ಸಲ, ನಿಜ ಹೇಳಿ ಕೂಡಿಸಿದೆವು. ಆರು ಗಂಟೆ ಬಂತು. ಅದು ಸ್ವಲ್ಪ ಹೆಚ್ಚೇ, ಆದರೆ ಹಾಲು ಕುಡಿದು ತೂಕ ಏರುತ್ತಿರುವುದರಿಂದ ಈಗಲೇ ಹೆದರಬೇಡಿ, ಮುಂದಿನ ಶುಕ್ರವಾರ ಇನ್ನೊಮ್ಮೆ ತಂದು ತೋರಿಸಿ ಅಂದರು. "ಯಾರಿಗೆ ಸಾಕಾಯ್ತೋ ಅವರು ಸಾಕಾಯ್ತು ಅಂತ ಬಾಯಿಬಿಟ್ಟು ಹೇಳಿ, ಇನ್ನೊಬ್ಬರು ಎತ್ಕೊಳ್ಳಿ. ಈಗ ಅಷ್ಟೇ ಮದ್ದು" ಅಂದರು. ಅಷ್ಟಕ್ಕೆ ಮದ್ದು ಅನ್ನುತ್ತಾರಾ ಎಂದು ಅತ್ತೆಗೆ ಸಮಾಧಾನವಾಗಲಿಲ್ಲ. ಒಂದು ಬಾಟಲಿ ಬರೆದುಕೊಟ್ಟಿದ್ದರೆ ಅವರಿಗೆ ನಂಬಿಕೆ ಬರುತ್ತಿತ್ತು.

ಭಾನುವಾರ ಬಂತು. ಕಳಿಸುವುದಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಕರೆದೊಯ್ಯುವುದಿಲ್ಲ ಎಂದು ಅತ್ತೆಯೂ ಹೇಳಿರಲಿಲ್ಲ. ಬ್ಯಾಗು ಬಾಗಿಲ ಹತ್ತಿರವೇ ಇತ್ತು. ಹನ್ನೊಂದಕ್ಕೆ ಧನು ಶುರು ಮಾಡಿದಳು. ಅತ್ತೆ ಅರ್ಧ ಗಂಟೆ ಹೊತ್ತು ತಿರುಗಿದರು. ಆಮೇಲೆ ನಾನು ಅಕ್ಕಿ ಆರಿಸುತ್ತ ಕೂತಿದ್ದಲ್ಲಿಗೆ ಬಂದು, "ನಂಗೆ ಸಾಕಾತ್. ಹಿಡಿ" ಅಂದರು. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಮುಖದಲ್ಲೇ ಕಾಣುತ್ತಿತ್ತು. ನಾನು ಎತ್ತಿಕೊಂಡೆ. ನನ್ನ ಕೈ ಹೇಗಿದೆ ಎಂದು ನೋಡಿಕೊಂಡೆ. ಸಡಿಲವಾಗಿಯೇ ಇತ್ತು. ಬಿಗಿಯಾದರೆ ಅತ್ತೆ ಎರಡು ಮಾರು ದೂರದಲ್ಲಿ ಇದ್ದಾರೆ ಎಂದು ಕೈಗೂ ಗೊತ್ತಾಗಿತ್ತೋ ಏನೋ.

ಅತ್ತೆ ಬ್ಯಾಗಿನ ಜಿಪ್ಪು ಎಳೆದು, ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹಾಸಿಗೆಯ ಮೇಲೆ ಇಟ್ಟರು. ಆಮೇಲೆ ಪ್ರಜ್ಞೇಶರ ಫೋನು ಕೇಳಿ ಪಡೆದು ಊರಿಗೆ ಮಾಡಿಸಿದರು. ಮಗುವಿನ ಅಳುವಿನಲ್ಲಿ ಕೇಳಿಸುವುದಿಲ್ಲ ಎಂದು ಸ್ಪೀಕರು ಹಾಕಿದರು.

"ಮೋನಿಷಾ, ನಾವು ಬರುದಿಲ್ಲೆ. ಕೂಸು ಇಲ್ಲೇ ಇರ್ತದೆ."

"ಯಾಕೆ ಅತ್ತೆ? ನಿಮ್ಮ ಹತ್ರ ಅಷ್ಟು ಚಂದ ಇರ್ತದೆ ಅಂದ್ರಿ?"

ಅತ್ತೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಮಗನನ್ನು ನೋಡಿದರು. "ಇಲ್ಲೆ. ನನ್ನ ಹತ್ರವೂ ಅಳ್ತದೆ. ಆವತ್ತು ಸುಳ್ಳು ಹೇಳಿದ್ದು" ಅಂದರು, ಮುಖ ಗೋಡೆಗೆ ತಿರುಗಿಸಿಕೊಂಡು.

ಆ ಕಡೆ ನಾಪೋಕ್ಲಿನ ಮನೆಯ ಹಸು ಕೂಗಿದ್ದು ಕೇಳಿಸಿತು. ಆಮೇಲೆ ಮೋನಿಷಕ್ಕ ತುಂಬ ಅಕ್ಕರೆಯಿಂದ, "ಅಷ್ಟೇನಾ? ಹಾಗಾದ್ರೆ ತಂದು ನನ್ನ ಕೈಲಿ ಕೊಡಿ ಅತ್ತೆ. ನಾ ಎತ್ಕೊಂಡ್ರೆ ಯಾವ ಕೂಸೂ ಅಳುದಿಲ್ಲೆ" ಅಂದಳು.

ಅತ್ತೆ ಫೋನಿನ ಮೇಲೆ ಅಂಗೈ ಮುಚ್ಚಿದರು. ಮೊದಲು ಅವರ ಹೆಗಲು ಅಲ್ಲಾಡಿತು. ಆಮೇಲೆ ಪ್ರಜ್ಞೇಶ್, ಆಮೇಲೆ ನಾನು. ಮೂವರೂ ಒಟ್ಟಿಗೆ ಅಷ್ಟು ಜೋರಾಗಿ ನಕ್ಕದ್ದನ್ನು ಧನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವಳು ತಟ್ಟನೆ ಅಳು ನಿಲ್ಲಿಸಿದಳು. ಕಣ್ಣೀರು ಕೆನ್ನೆಯ ಮೇಲೆ ಹಾಗೇ ನಿಂತಿತ್ತು. ನನ್ನನ್ನು, ಅಜ್ಜಿಯನ್ನು, ಅಪ್ಪನನ್ನು ಸರದಿಯಂತೆ ನೋಡಿದಳು. ಈ ದೊಡ್ಡವರಿಗೆ ಏನಾಗಿದೆ, ಹಸಿವೋ ನಿದ್ದೆಯೋ ಹೊಟ್ಟೆನೋವೋ ಎಂದು ಯೋಚಿಸುವ ಹಾಗೆ ಹುಬ್ಬು ಗಂಟಾಗಿತ್ತು. ಅವಳಿಗೂ ಏನೂ ತಿಳಿಯಲಿಲ್ಲ ಎಂದು ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿ, ಮತ್ತೆ ಬಾಯಿ ತೆರೆದಳು.